ಬಾವಲಿ ಕಾಫಿಯ ಪಣ

ನಾನು ಜೂಜು ಆಡಿಸಿದ್ದೇನೆ. ಐದು ಬೇಸಿಗೆ, ನಮ್ಮ ಮನೆಯ ಕಾಫಿ ಕಣದಲ್ಲಿ, ಹಾಡಹಗಲು, ಊರವರ ಎದುರಿಗೇ ಸೈಕಲ್ ಪಂದ್ಯ ನಡೆಸಿ ಅದರ ಮೇಲೆ ಜನರಿಂದ ಪಣ ಕಟ್ಟಿಸಿದ್ದೇನೆ. ಈಗಲೂ ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಪಕ್ಕದವರ ಕಿವಿಯಲ್ಲಿ "ಇವ್ರೇ ಅಲ್ದಾ, ಗೋಣಿಬೀಡು ಕಡೆ ಸೈಕಲ್ ಜೂಜು ನಡೆಸ್ತಿದ್ದೋರು?" ಎಂದರೆ ನಾನೇ ತಿರುಗಿ "ಹೌದು, ನಾನೇ. ಏನು ಬೇಕಿತ್ತು ಕೇಳಿ" ಎನ್ನುತ್ತೇನೆ. ಆಗ ಅವರು ಎಲೆಯ ಮೇಲಿನ ಪಾಯಸ ನೋಡತೊಡಗುತ್ತಾರೆ.

ಅದು ನಿಂತದ್ದು ಯಾರಿಗೋ ಹೆದರಿ ಅಲ್ಲ. ಕಾಫಿ ಬೆಲೆ ನೆಲ ಕಚ್ಚಿದ ವರ್ಷ, ಚೀಲದ ತುಂಬ ಕಾಫಿ ಮಾರಿದರೂ ಜೀಪಿನ ಡೀಸೆಲ್‌ಗೆ ಸಾಲದಾದಾಗ ತಾನಾಗಿ ನಿಂತಿತು. ಪಂದ್ಯಕ್ಕೂ ಜೀಪಿಗೂ ಏನು ಸಂಬಂಧ ಎಂದು ಹೇಳುತ್ತೇನೆ.

ಬರೆಯುವಾಗ ಆ ವರ್ಷಗಳ ದಿನಚರಿಯನ್ನು ಎದುರಿಗೆ ಇಟ್ಟುಕೊಂಡಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಯಾವ ಜಗಳದಲ್ಲೂ ಅದು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ದಿನಚರಿಯನ್ನೂ ಪೂರ್ತಿ ನಂಬುವ ಹಾಗಿಲ್ಲ, ಅದನ್ನು ಬರೆದವಳೂ ನಾನೇ. ಆದರೆ ಅದನ್ನು ಬರೆದ ದಿನ ನನಗೆ ಇಷ್ಟು ಜಂಬ ಇರಲಿಲ್ಲ.

ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಹಳೆಯ ವಿದೇಶಿ ಪತ್ರಿಕೆಯೊಂದು ಸಿಕ್ಕಿತ್ತು. ಅದರಲ್ಲಿ ಜಪಾನಿನ ಸೈಕಲ್ ಪಂದ್ಯಗಳ ಬಗ್ಗೆ ಒಂದು ಲೇಖನ. ಯುದ್ಧದಲ್ಲಿ ಹಾಳಾದ ಊರುಗಳನ್ನು ಎತ್ತಿ ನಿಲ್ಲಿಸಲು ಅಲ್ಲಿ ಸಾರ್ವಜನಿಕವಾಗಿಯೇ ಪಣ ಕಟ್ಟಿಸಿ ಸೈಕಲ್ ಪಂದ್ಯ ಶುರು ಮಾಡಿದರಂತೆ. ಪಣದ ಒಂದು ಪಾಲು ಕಾನೂನಿನ ಪ್ರಕಾರವೇ ಊರಿನ ಕೆಲಸಕ್ಕೆ ಹೋಗಬೇಕು. ಸವಾರರು ಹವ್ಯಾಸಿಗಳಲ್ಲ, ಅದೇ ಅವರ ಕಸುಬು. ಓಡುವ ಹಾದಿ ದುಂಡಗೆ, ತಿರುವುಗಳಲ್ಲಿ ಗೋಡೆಯ ಹಾಗೆ ಓರೆಯಾಗಿ ಏರಿರುತ್ತದೆ. ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ. ಮೊದಲ ಕೆಲವು ಸುತ್ತು ಎಲ್ಲರೂ ಮುಂದಾಳು ಒಬ್ಬನ ಹಿಂದೆ ಸಾಲಾಗಿ ಓಡಬೇಕು. ಅವನು ಪಕ್ಕಕ್ಕೆ ಸರಿದ ಮೇಲೆ ನಿಜವಾದ ಪಂದ್ಯ. ಬಣ್ಣಬಣ್ಣದ ಅಂಗಿ ತೊಟ್ಟ ಸವಾರರ ಫೋಟೋ ಇತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ನಾನು ಮಾಡಿಕೊಂಡ ಟಿಪ್ಪಣಿಯಲ್ಲಿ ಫೋಟೋದ ಮಾತೇ ಇಲ್ಲ. ಬಹುಶಃ ಆಮೇಲೆ ನಮ್ಮ ಕಣದಲ್ಲಿ ಕಂಡದ್ದನ್ನೇ ಹಿಂದಕ್ಕೆ ಒಯ್ದು ಆ ಪತ್ರಿಕೆಯಲ್ಲಿ ಅಂಟಿಸಿದ್ದೇನೆ.

ಓದು ಮುಗಿಸಿ ಊರಿಗೆ ಬಂದೆ. ಅಪ್ಪಯ್ಯನ ಮಂಡಿ ಕೆಟ್ಟಿತ್ತು, ನಮ್ಮ ಸಣ್ಣ ತೋಟ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಆ ವರ್ಷದ ಕೊಯ್ಲಿನಲ್ಲಿ ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹೆಂಗಸಿಗೆ ಕಾಫಿ ಗಿಡದಲ್ಲಿದ್ದ ಹಾವು ಕೈಗೆ ಕಚ್ಚಿತು. ಸುತ್ತಿನಲ್ಲೆಲ್ಲ ಕಾಫಿ ಆರಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕಲ್ಲು, ಕಪ್ಪು, ಒಡಕು ಎಲ್ಲವನ್ನೂ ಕಣ್ಣು ನೋಡುವುದಕ್ಕೆ ಮೊದಲೇ ಅವಳ ಬೆರಳು ಎತ್ತಿ ಹಾಕುತ್ತಿತ್ತು. ಮೂಡಿಗೆರೆ ಆಸ್ಪತ್ರೆಗೆ ಹೋಗಲು ಜೀಪು ಬೇಕು. ಜೀಪಿನವನು ಕೆಟ್ಟವನಲ್ಲ, ಆದರೆ ಟ್ಯಾಂಕಿನಲ್ಲಿ ಡೀಸೆಲ್ ಇರಲಿಲ್ಲ, ಕೈಯಲ್ಲಿ ಕಾಸೂ ಇರಲಿಲ್ಲ. ಮನೆಮನೆಗೆ ಓಡಿ ಬಾಡಿಗೆ ಕೂಡಿಸುವಷ್ಟರಲ್ಲಿ ಒಂದು ತಾಸು ಹೋಯಿತು. ಜೀವ ಉಳಿಯಿತು, ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ಆ ಒಂದು ತಾಸು ನನ್ನನ್ನು ಬಿಡಲಿಲ್ಲ. ಯಾರಿಗೆ ಏನಾದರೂ ಜೀಪು ಕೇಳದೆ ಹೊರಡಬೇಕು. ಅದಕ್ಕೆ ಮೊದಲೇ ಕೂಡಿಟ್ಟ ನಿಧಿ ಇರಬೇಕು. ಚಂದಾ ಎತ್ತಿದೆವು, ಎರಡು ತಿಂಗಳಲ್ಲಿ ಜನಕ್ಕೆ ಸಾಕಾಯಿತು. ಆಗ ಜಪಾನಿನ ಟಿಪ್ಪಣಿ ತೆಗೆದೆ.

ಕಣ ನಮ್ಮಲ್ಲೇ ಇತ್ತು. ಅಜ್ಜಯ್ಯ ಯಾವುದೋ ಒಳ್ಳೆ ಬೆಳೆಯ ವರ್ಷ ಹುಮ್ಮಸ್ಸಿನಲ್ಲಿ ತೋಟಕ್ಕೆ ಮೀರಿದ ಸಿಮೆಂಟು ಕಣ ಮಾಡಿಸಿದ್ದ. ಕಾಫಿ ಒಣಗಿ ಚೀಲ ಸೇರಿದ ಮೇಲೆ, ಮಾರ್ಚ್ ಕೊನೆಯಿಂದ ಮಳೆ ಹಿಡಿಯುವವರೆಗೆ ಅದು ಖಾಲಿ. ನಾಲ್ಕು ಮೂಲೆಗೂ ಕಲ್ಲುಮಣ್ಣು ತುಂಬಿಸಿ ಸಿಮೆಂಟು ಬಳಿಸಿ ಓರೆ ಏರು ಮಾಡಿಸಿದೆ. ಅಪ್ಪಯ್ಯ ಜಗುಲಿಯಲ್ಲಿ ಕಾಲು ಚಾಚಿ ನೋಡುತ್ತಿದ್ದರು.

"ಕಣ ಇರೋದು ಕಾಫಿ ಒಣಗ್ಸಕ್ಕೆ ಕಣೆ, ಸರ್ಕಸ್ಸಿಗಲ್ಲ."

"ಬೇಸಿಗೆಲಿ ಖಾಲಿ ತಾನೆ ಅಪ್ಪಯ್ಯ?"

"ಖಾಲಿ ಇದ್ರೆ ನಾಯಿ ಮಲಗ್ತಾವೆ, ಮಲಗ್ಲಿ. ಎಂ.ಎ. ಓದಿದ್ದಕ್ಕೆ ಇದೊಂದು ಬಾಕಿ ಇತ್ತು ನೋಡು."

ಹಾಗೆಂದವರು ಮೊದಲ ಪಂದ್ಯದ ದಿನ ಕುರ್ಚಿಯನ್ನು ಕಣದ ಅಂಚಿಗೆ ಹಾಕಿಸಿಕೊಂಡರು.

ಆರು ಜನ ಸವಾರರು, ತಲೆಗೆ ಆರು ಬಣ್ಣದ ವಸ್ತ್ರ. ಎಲ್ಲರ ಸೈಕಲ್ಲಿನ ಬ್ರೇಕ್ ಬಿಚ್ಚಿಸಿದೆ. "ನಿಲ್ಸೋದು ಹೆಂಗೆ ಅಕ್ಕಾವ್ರೆ?" ಎಂದರು. ಕಣದ ಆಚೆ ತುದಿಗೆ ದರಗು, ಎಂದರೆ ತೋಟದ ಒಣ ಎಲೆ, ಎದೆಯೆತ್ತರಕ್ಕೆ ರಾಶಿ ಹಾಕಿಸಿದೆ. ಗುರಿ ದಾಟಿದವರು ನೇರ ಅದಕ್ಕೆ ನುಗ್ಗಿ ನಿಲ್ಲುತ್ತಿದ್ದರು. ಜೀಪಿನವನೇ ಮೊಪೆಡ್ ತಂದು ಮೊದಲ ಐದು ಸುತ್ತಿಗೆ ಮುಂದಾಳಾದ. ಇಪ್ಪತ್ತು ಸುತ್ತಿನ ಪಂದ್ಯ. ಗೆದ್ದವನಿಗೂ ಸೋತವನಿಗೂ ಒಂದು ದಿನದ ಕೂಲಿ, ಗೆದ್ದವನಿಗೆ ಮೇಲೊಂದಿಷ್ಟು. ಆಟಕ್ಕೆ ಕೂಲಿ ಎಂತಕ್ಕೆ ಎಂದು ಕೇಳಿದವರಿಗೆ, ಬೆವರು ಬರುವ ಕೆಲಸಕ್ಕೆ ನಮ್ಮಲ್ಲಿ ಕೂಲಿ ಕೊಡುವುದು ರೂಢಿ ಎಂದೆ.

ಇನ್ನು ಪಣ. ಇಲ್ಲಿ ನಾನು ಬಹಳ ಬುದ್ಧಿವಂತಿಕೆ ತೋರಿಸಿದೆ ಎಂದುಕೊಂಡಿದ್ದೆ. ದುಡ್ಡು ಇಟ್ಟರೆ ಜೂಜು ಎನ್ನುತ್ತಾರೆ, ಪೊಲೀಸರು ಬರುತ್ತಾರೆ. ಕಾಫಿ ಇಟ್ಟರೆ ಯಾರೂ ಏನೂ ಅನ್ನುವ ಹಾಗಿಲ್ಲ. ಆದ್ದರಿಂದ ಪಣವೆಲ್ಲ ಸೇರಿನ ಲೆಕ್ಕದಲ್ಲಿ ಒಣಗಿದ ಕಾಫಿ. ಆರು ಬಣ್ಣದ ಬಟ್ಟೆ ಕಟ್ಟಿದ ಆರು ಗೋಣಿಚೀಲ. ಯಾರ ಮೇಲೆ ಭರವಸೆಯೋ ಅವರ ಚೀಲಕ್ಕೆ ಸುರಿದು ಅದೇ ಬಣ್ಣದ ರಟ್ಟಿನ ಚೂರು ಪಡೆಯುವುದು. ಮೂರು ಸೇರಿಗಿಂತ ಹೆಚ್ಚು ಯಾರೂ ಹಾಕುವಂತಿಲ್ಲ. ಸವಾರ ತನ್ನ ಮೇಲೆ ಮಾತ್ರ ಹಾಕಬಹುದು. ಪಂದ್ಯ ಮುಗಿದ ಮೇಲೆ ಆರೂ ಚೀಲ ಒಂದೇ ರಾಶಿಗೆ. ರಾಶಿಯಲ್ಲಿ ಹತ್ತನೇ ಒಂದು ಪಾಲು ಜೀಪಿನ ಚೀಲಕ್ಕೆ, ಸ್ವಲ್ಪ ಸವಾರರ ಕೂಲಿಗೆ, ಮಿಕ್ಕದ್ದು ಗೆದ್ದ ಬಣ್ಣದವರಿಗೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಕಾಫಿ ಇರುತ್ತದಲ್ಲ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಈ ವಾಕ್ಯವನ್ನು ಈಗ ಓದಿದರೆ ಮುಖ ಬಿಸಿಯಾಗುತ್ತದೆ.

ಮೊದಲ ಬೇಸಿಗೆಯಲ್ಲೇ ಜೀಪು ಐದಾರು ಸಲ ಯಾರನ್ನೂ ಕೇಳದೆ ಹೊರಟಿತು. ಒಂದು ಹೆರಿಗೆ, ಮರದಿಂದ ಬಿದ್ದ ಒಬ್ಬರು, ಉಸಿರು ಕಟ್ಟಿದ ಒಂದು ಮಗು. ಬುದ್ಧಿ ಹೇಳಲು ಬಂದವರೂ ಇದ್ದರು. ಹೆಣ್ಣುಮಗಳು ಜೂಜಿನ ಚೀಲ ಹಿಡಿದು ನಿಲ್ಲುವುದೇ, ಮನೆತನ ಏನಾಗಬೇಕು, ಎಂದು. ಅವರಲ್ಲಿ ಕೆಲವರು ಶನಿವಾರ ಸಂಜೆ ಪೇಟೆಯಲ್ಲಿ ಹಸಿರು ಬಟ್ಟೆಯ ಮೇಜಿನ ಸುತ್ತ ಕೂತು ಇಸ್ಪೀಟಿಗೆ ಎಷ್ಟು ಇಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಆಟ ಎಂದು ಹೆಸರು. ಕುದುರೆಯ ಮೇಲೆ ಕಟ್ಟಿದರೆ ಅಂತಸ್ತು. ಟಪ್ಪಾಲಿನವನ ಕಾಲಿನ ಮೇಲೆ ಕಟ್ಟಿದರೆ ಮಾತ್ರ ಜೂಜು. ಅವರ ಇಸ್ಪೀಟು ಯಾರನ್ನು ಆಸ್ಪತ್ರೆಗೆ ಒಯ್ದಿದೆ ಹೇಳಲಿ ಎಂದೆ. ಜೋರಾಗಿಯೇ ಅಂದೆ, ಇದಕ್ಕೆ ದಿನಚರಿಯ ಸಾಕ್ಷಿಯೂ ಇದೆ. ನಮ್ಮಿಂದ ತೊಂದರೆಯೇ ಆಗಲಿಲ್ಲ ಎನ್ನುವುದಿಲ್ಲ. ಒಬ್ಬ ಹೆಂಗಸು ಬಂದು ತನ್ನ ಗಂಡನಿಂದ ಕಾಫಿ ತೆಗೆದುಕೊಳ್ಳಬೇಡಿ ಎಂದು ಕೇಳಿಕೊಂಡಳು. ಅವನಿಗೆ ಮತ್ತೆ ರಟ್ಟು ಕೊಡಲಿಲ್ಲ, ಅವನು ನನ್ನ ಜೊತೆ ಮತ್ತೆ ಮಾತಾಡಲೂ ಇಲ್ಲ.

ಟಪ್ಪಾಲಿನವನು ಎಂದೆನಲ್ಲ, ಅವನೇ ನಮ್ಮ ಅತ್ಯುತ್ತಮ ಸವಾರ. ಪಕ್ಕದ ದೊಡ್ಡ ಎಸ್ಟೇಟಿನ ಕಾಗದ, ಪೇಪರು, ಬ್ಯಾಂಕಿನ ಚೀಟಿಗಳನ್ನು ಖಾಕಿ ಚೀಲದಲ್ಲಿ ಹಾಕಿಕೊಂಡು ದಿನಾ ಗೋಣಿಬೀಡಿಗೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಮೂವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಒಂದು ಕೋಣೆಯಲ್ಲಿ ಹೆಂಡತಿ, ಮಗಳ ಜೊತೆ ಇದ್ದ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ತಲೆಗೆ ಕೆಂಪು ವಸ್ತ್ರ ಕಟ್ಟುತ್ತಿದ್ದ. ಪ್ರತಿ ಸಲ ತನ್ನ ಮೇಲೆ ತಾನೇ ಸರಿಯಾಗಿ ಮೂರು ಸೇರು ಹಾಕುತ್ತಿದ್ದ. ಅವನಿಗೆ ಒಂದು ಕಾಫಿ ಗಿಡವೂ ಇಲ್ಲ ಎನ್ನುವುದು ನನ್ನ ತಲೆಗೆ ಹೋಗಿರಲಿಲ್ಲ.

ಎರಡನೇ ಬೇಸಿಗೆ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು. ಕಣಗಳಿಗೆ ಕೋವಿ ಹಿಡಿದ ಕಾವಲು. ಯಾರ ಕೈಚೀಲ ಉಬ್ಬಿದರೂ ಅನುಮಾನ. ಒಂದು ಭಾನುವಾರ ಪಂದ್ಯ ಮುಗಿದು, ಆರೂ ಚೀಲ ರಾಶಿಗೆ ಸುರಿದು, ಸೇರು ಕೈಗೆತ್ತಿಕೊಳ್ಳುವಷ್ಟರಲ್ಲಿ ದೊಡ್ಡ ಎಸ್ಟೇಟಿನ ಸಾವ್ಕಾರ್ರು ಬಂದರು. ಜೊತೆಗೆ ಕೂಲಿಯಾಳುಗಳನ್ನು ನೋಡಿಕೊಳ್ಳುವ ಅವರ ಮೇಸ್ತ್ರಿ.

"ನಿನ್ ಆಟ ನಿಲ್ಸಕ್ಕೆ ಬಂದಿಲ್ಲ ಮಗಳೆ" ಎಂದರು ಸಾವ್ಕಾರ್ರು ನನಗೆ. "ನನ್ ಕಾಫಿ ಹುಡುಕ್ಕೊಂಡು ಬಂದಿದೀನಿ. ಏ ಮೇಸ್ತ್ರಿ, ಎಂತ ಕಂಡೆ ಹೇಳು."

ಮೇಸ್ತ್ರಿ ಟಪ್ಪಾಲಿನವನ ಕಡೆ ಬೆರಳು ತೋರಿಸಿದ. "ಇಲ್ಲಿಗೆ ಹೊರಡೋವಾಗ ಇವನ ಚೀಲದಲ್ಲಿ ಪಾರ್ಚ್‌ಮೆಂಟ್ ಇತ್ತು. ಈ ಕಣ್ಣಲ್ಲೇ ಕಂಡೆ."

ನಮ್ಮಂಥ ಸಣ್ಣ ಬೆಳೆಗಾರರು ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿ ಚೆರಿ ಮಾಡುತ್ತೇವೆ. ಹಣ್ಣಿನ ಸಿಪ್ಪೆ ಸುಲಿದು, ತೊಳೆದು, ಬೀಜವನ್ನಷ್ಟೇ ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಅದಕ್ಕೆ ಪಲ್ಪರ್ ಯಂತ್ರ ಬೇಕು. ನಮ್ಮ ಸುತ್ತಿನಲ್ಲಿ ಪಲ್ಪರ್ ಇದ್ದದ್ದು ಅವರೊಬ್ಬರಲ್ಲೇ.

"ಎಲ್ಲಿಂದ ತಂದ್ಯೋ?"

"ಬಾವಲಿ ಕಾಫಿ ಸಾವ್ಕಾರ್ರೆ. ಟಪ್ಪಾಲು ಹೋಗೋ ದಾರೀಲಿ, ಆ ಗೋಣಿ ಮರದ ಬುಡದಲ್ಲಿ ಹೆಕ್ಕಿದ್ದು."

ಆ ಮರ ರಸ್ತೆಯ ತಿರುವಿನಲ್ಲಿದೆ. ಬಾವಲಿಗಳು ಎಲ್ಲರ ತೋಟದ ಹಣ್ಣನ್ನೂ ಕಚ್ಚಿ ತಂದು, ಅಲ್ಲಿ ನೇತಾಡಿಕೊಂಡು ಸಿಪ್ಪೆ, ರಸ ಹೀರಿ ಬೀಜ ಉಗುಳುತ್ತವೆ.

ಮೇಸ್ತ್ರಿ ನಕ್ಕ. "ಮೂರು ಸೇರು ಬಾವಲಿ ಕಾಫಿ! ಎಷ್ಟು ಬಾವಲಿ ಸಾಕಿದೀಯ ಮಾರಾಯ?"

"ಇಡೀ ಕೊಯ್ಲಲ್ಲಿ ದಿನಾ ಒಂದೊಂದು ಬೊಗಸೆ" ಎಂದ ಅವನು. ಅವನ ಮುಖ ಬೆವರಿತ್ತು, ಪಂದ್ಯದ ಬೆವರೋ ಮತ್ತೇನೋ. "ಹೆಂಚಿನ ಮೇಲೆ ಒಣಗ್ಸಿದ್ದು."

ಸಾವ್ಕಾರ್ರು ನನ್ನ ಕಡೆ ತಿರುಗಿದರು. "ಅವನ್ ಹಾಕಿದ್ ಕಾಫಿ ತೋರ್ಸು ನೋಡೋಣ."

ತೋರಿಸುವುದೆಲ್ಲಿಂದ? ಎಲ್ಲವೂ ಒಂದೇ ರಾಶಿ. ಯಾರ ಪಣ ಯಾವುದೆಂದು ಗೊತ್ತಾಗಬಾರದು, ಎಲ್ಲರದ್ದೂ ಬೆರೆತು ಒಂದಾಗಬೇಕು ಎನ್ನುವುದೇ ನನ್ನ ಹೆಮ್ಮೆಯ ಪದ್ಧತಿಯಾಗಿತ್ತು. ಈಗ ಅದೇ ಅವನ ಕುತ್ತಿಗೆಗೆ ಬಂತು. ಅದಕ್ಕಿಂತ ಹಿಂದಿನ ತಪ್ಪು ಇನ್ನೊಂದು. ಕಾಫಿಯನ್ನೇ ಪಣ ಇಡಬೇಕು ಎಂದು ಗಿಡವಿಲ್ಲದವನಿಗೆ ಹೇಳಿದವಳು ನಾನು. ಪೊಲೀಸರಿಂದ ನಾನು ತಪ್ಪಿಸಿಕೊಂಡ ಜಾಣತನ ಅವನನ್ನು ಕಳ್ಳನ ಜಾಗದಲ್ಲಿ ನಿಲ್ಲಿಸಿತ್ತು.

"ತೋರ್ಸಕ್ಕೆ ಆಗಲ್ಲ ಅಂದ್ರೆ ನಾಳೆಯಿಂದ ಟಪ್ಪಾಲಿಗೆ ಬೇರೆ ಜನ ನೋಡ್ತೀನಿ. ಕೋಣೆ ಖಾಲಿ ಮಾಡು" ಎಂದರು ಸಾವ್ಕಾರ್ರು.

ಆಗ ಆ ಎರಡು ಬೆರಳಿಲ್ಲದ ಹೆಂಗಸು ಜನರ ನಡುವಿನಿಂದ ಬಂದು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಶಿಯ ಪಕ್ಕ ಕೂತಳು. "ಎಂತಕ್ಕೆ ಆಗಲ್ಲ? ಆರ್ಸಿದ್ರೆ ಆಯ್ತಪ್ಪ. ದಿನಾ ಮಾಡೋ ಕೆಲ್ಸ ಅಲ್ದಾ?" ಎಂದು ಉಳಿದ ಹೆಂಗಸರನ್ನು ನೋಡಿದಳು. "ಬನ್ರೇ. ಭಾನುವಾರದ ಕೂಲಿ ಯಾರೂ ಕೊಡಲ್ಲ, ಬೇಗ ಮುಗ್ಸಣ."

ಎಂಟು ಹತ್ತು ಜನ ಕೂತರು. ಚೆರಿ ಒಂದು ಕಡೆ, ಸಿಪ್ಪೆ ಇಲ್ಲದ ಬೀಜ ಒಂದು ಕಡೆ. ಮೂರು ಬೆರಳಿನ ಆ ಕೈ ಮಿಕ್ಕವರಿಗಿಂತ ಮುಂದಿತ್ತು. ಸಾವ್ಕಾರ್ರಿಗೆ ಅಪ್ಪಯ್ಯ ತಮ್ಮ ಕುರ್ಚಿ ಬಿಟ್ಟುಕೊಟ್ಟರು, ಅವರು ಕೂರಲಿಲ್ಲ. ಟಪ್ಪಾಲಿನವನು ಕೆಂಪು ವಸ್ತ್ರವನ್ನು ತಲೆಯಿಂದ ಬಿಚ್ಚದೆ, ಸೈಕಲ್ ಹಿಡಿದುಕೊಂಡೇ ನಿಂತಿದ್ದ. ಬಿಸಿಲು ಇಳಿಯುವವರೆಗೆ ಆರಿಸಿದರು.

ಮುಗಿದ ಮೇಲೆ ಅವಳು ಸಿಪ್ಪೆಯಿಲ್ಲದ ಬೀಜವನ್ನು ಒಂದು ಹಿಡಿ ತೆಗೆದು ಸಾವ್ಕಾರ್ರ ಅಂಗೈಗೆ ಸುರಿದಳು. "ನೋಡಿ ಸಾವ್ಕಾರ್ರೆ. ನೀವೇ ನೋಡಿ. ನಿಮ್ ಪಲ್ಪರ್ ಕಂಡಿರೋ ಕಾಫಿನ ಇದು?"

ತೊಳೆದ ಪಾರ್ಚ್‌ಮೆಂಟ್ ಒಣಹುಲ್ಲಿನ ಬಣ್ಣ, ಮೈ ನುಣುಪು. ಇದರ ಮೇಲೆ ಕಂದು ಕಲೆ, ಒಣಗಿದ ಅಂಟು, ಅಂಟಿನಲ್ಲಿ ಮಣ್ಣು. ಸಾವ್ಕಾರ್ರು ಮೂಸಿದರು, ಉಗುರಿನಲ್ಲಿ ಕೆರೆದರು. ಅವರು ಕಾಫಿ ಬಲ್ಲವರು. ಅಲ್ಲಿ ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದನ್ನು ಬರೆಯದೆ ಬಿಟ್ಟರೆ ನಾನು ಸುಳ್ಳು ಹೇಳಿದಂತೆ. "ಇದು ಬಾವಲಿದೇ" ಎಂದರು. ಆಮೇಲೆ, "ಅಳೀರಿ" ಎಂದರು.

ಅಳೆದೆ. ನಾಲ್ಕೂವರೆ ಸೇರು ಬಂತು.

"ನೀನು ಹಾಕಿದ್ದು ಮೂರೇ ಅಲ್ವೇನೋ?" ಎಂದ ಮೇಸ್ತ್ರಿ.

ಟಪ್ಪಾಲಿನವನು ಬಾಯಿ ತೆರೆಯುವ ಮೊದಲೇ "ಮಿಕ್ಕಿದ್ದು ನಂದು" ಎಂದಳು ಆರಿಸುವವಳು. ಅವಳ ಹಿಂದಿನಿಂದ ಇನ್ನೊಬ್ಬಳು, "ಅದ್ರಲ್ಲಿ ಅರ್ಧ ಸೇರು ನಂದು. ನಾನು ಹಸಿರಿಗೆ ಹಾಕಿದ್ದೆ, ಹಾಳಾದೋನು ಬಿದ್ದ." ಯಾರೋ ನಕ್ಕರು. ಅವರಿಬ್ಬರೂ ನಿಜವಾಗಿ ಹಾಕಿದ್ದರೋ ಅವನನ್ನು ಉಳಿಸಲು ಹಾಗೆ ಅಂದರೋ ನನಗೆ ಇವತ್ತಿಗೂ ತಿಳಿಯದು. ಕೇಳಲಿಲ್ಲ.

"ಬಾವಲಿ ತಿಂದಿದ್ದು ನನ್ ತೋಟದ ಹಣ್ಣು ತಾನೆ? ಅಂದ್ಮೇಲೆ ಬೀಜಾನೂ ನಂದೇ" ಎಂದರು ಸಾವ್ಕಾರ್ರು. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಬಾವಲಿ ಹೆಸ್ರು ನಿಮ್ ಮಸ್ಟರ್ ರೋಲಲ್ಲಿ ಇದ್ಯಾ ಸಾವ್ಕಾರ್ರೆ? ಇದ್ರೆ ಅದಕ್ಕೆ ಕೂಲಿ ಕೊಟ್ಬಿಡಿ, ಕಾಫಿ ತಗೊಂಡೋಗಿ."

ಕೂಲಿಯವರ ಹಾಜರಿ ಪುಸ್ತಕದಲ್ಲಿ ಬಾವಲಿಯ ಹೆಸರು! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿಯೂ ನಕ್ಕು, ಆಮೇಲೆ ನಿಲ್ಲಿಸಿದ. ಎಷ್ಟೋ ವರ್ಷ ಈ ಕತೆ ಹೇಳುವಾಗ ಆ ಮಾತನ್ನು ನಾನೇ ಆಡಿದೆ ಎಂದು ಹೇಳಿದ್ದೇನೆ. ಸುಳ್ಳು ಹೇಳುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ನನ್ನ ಗಂಟಲಿನಿಂದ ಅದು ಹೊರಟದ್ದು ನನಗೆ ನೆನಪಿತ್ತು. ದಿನಚರಿ ತೆಗೆದರೆ ಅಲ್ಲಿ ಸ್ಪಷ್ಟವಾಗಿದೆ: ಅಂದದ್ದು ಅವಳು. ನನ್ನ ಬಗ್ಗೆ ಇರುವುದು ಒಂದೇ ವಾಕ್ಯ. "ನಾನು ಸೇರು ಹಿಡಿದುಕೊಂಡು ನಿಂತಿದ್ದೆ."

ಸಾವ್ಕಾರ್ರು ಕೈಯಲ್ಲಿದ್ದ ಬೀಜವನ್ನು ರಾಶಿಗೆ ಹಾಕಿ ಹೊರಟರು. ಕೆಲಸ ಹೋಯಿತು ಎನ್ನಲಿಲ್ಲ, ಉಳಿಯಿತು ಎಂದೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಟಪ್ಪಾಲಿನ ಹೊತ್ತಿಗೆ ನಾನು ರಸ್ತೆಯಲ್ಲಿ ನಿಂತಿದ್ದೆ. ದಿನದ ಹೊತ್ತು ದಾಟಿತು. ಹಾಲಿನವನು ಹೋದ, ಬಸ್ಸು ಹೋಯಿತು. ಆಮೇಲೆ ತಿರುವಿನಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಹೆಗಲಿನಲ್ಲಿ ಖಾಕಿ ಚೀಲ ಇತ್ತು.

"ಕೊಟ್ರಾ?" ಎಂದೆ.

"ಕಾಯ್ಸಿ ಕಾಯ್ಸಿ ಕೊಟ್ರು." ಅವನು ಕಾಲೂರಿ ನಿಂತ. "ಎಂತ ಅಕ್ಕಾವ್ರೆ, ಇಲ್ಲಿ ನಿಂತಿದೀರಿ?"

ಇಡೀ ರಾತ್ರಿ ಯೋಚಿಸಿದ್ದನ್ನು ಹೇಳಿದೆ. ಮುಂದಿನ ವಾರದಿಂದ ಕಾಫಿ ಬೇಡ. ಎಲ್ಲರೂ ದುಡ್ಡೇ ಹಾಕಲಿ, ಒಂದು ರೂಪಾಯಿ, ಎರಡು ರೂಪಾಯಿ. ಜೂಜು ಎಂದು ಕರೆಯುವವರು ಕರೆಯಲಿ, ಪೊಲೀಸರು ಬಂದರೆ ನನ್ನನ್ನು ಕೇಳಲಿ. ನನ್ನ ಭಯಕ್ಕೆ ನೀನು ಸಿಕ್ಕಿಕೊಳ್ಳುವುದು ಬೇಡ.

ಅವನು ಕೇಳಿಸಿಕೊಂಡ. ಆಮೇಲೆ ತಲೆ ಅಲ್ಲಾಡಿಸಿದ.

"ಬೇರೆಯೋರು ದುಡ್ಡು ಹಾಕ್ಲಿ. ನಾನು ಬಾವಲಿ ಕಾಫಿನೇ ಹಾಕೋನು."

"ಮತ್ತೆ ಎಂತಕ್ಕೆ ರಗಳೆ ಮಾರಾಯ? ಕೆಲಸ ಉಳ್ದಿದ್ದೇ ಹೆಚ್ಚು."

"ಈಗ ನಿಲ್ಸಿದ್ರೆ ಕದ್ದಿದ್ದೆ ಅಂತ ಆಗಲ್ವಾ ಅಕ್ಕಾವ್ರೆ?"

ಅವನ ಮೇಲೆ ಕರುಣೆಯಿಂದ ನಾನು ಮಾಡಹೊರಟದ್ದು ಅವನ ಮೇಲಿನ ಆಪಾದನೆಗೆ ಮುದ್ರೆ ಒತ್ತುವ ಕೆಲಸವಾಗಿತ್ತು.

ಮುಂದಿನ ಭಾನುವಾರ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ನಾನು ದುಡ್ಡಿಗೂ ಒಂದು ಡಬ್ಬ ಇಟ್ಟಿದ್ದೆ. ಅವನು ಲೈನಿನಿಂದ ಬಂದದ್ದು ಒಳದಾರಿಯಲ್ಲಿ ಅಲ್ಲ, ದೊಡ್ಡ ಎಸ್ಟೇಟಿನ ಗೇಟಿನ ಮುಂದಿನಿಂದ. ಕ್ಯಾರಿಯರ್ ಮೇಲೆ ಬಾಯಿ ಮುಚ್ಚದ ಬುಟ್ಟಿ, ಅದರಲ್ಲಿ ಮೂರು ಸೇರು ಬಾವಲಿ ಕಾಫಿ. ದಾರಿಯುದ್ದಕ್ಕೂ ಎಲ್ಲರಿಗೂ ಕಾಣುವ ಹಾಗೆ, ಪೆಡಲ್ ತುಳಿಯದೆ, ಸೈಕಲ್ ನೂಕಿಕೊಂಡು ಬಂದಿದ್ದ. ಅವನ ಹಿಂದೆ ಆರಿಸುವವಳು ಸೆರಗಿನಲ್ಲಿ ಒಂದು ಮುಷ್ಟಿ ತಂದು, ಎಲ್ಲರಿಗೂ ಕೇಳುವಂತೆ "ಬಾವಲಿದು, ಬರ್ಕೊಳಿ" ಎಂದು ಕೆಂಪು ಚೀಲಕ್ಕೆ ಹಾಕಿದಳು. ಅಪ್ಪಯ್ಯ ಕುರ್ಚಿಯಿಂದ ಎದ್ದು, ಕುಂಟಿಕೊಂಡು ಹೋಗಿ, ಒಂದು ರೂಪಾಯಿಯನ್ನು ಡಬ್ಬಕ್ಕೆ ಬಿಟ್ಟು, ಕೆಂಪು ರಟ್ಟು ತೆಗೆದುಕೊಂಡರು. ಜೀವಮಾನದಲ್ಲಿ ಅವರು ಆಡಿದ ಮೊದಲ ಜೂಜು ಅದು.

ಆ ದಿನ ಅವನು ನಾಲ್ಕನೆಯವನಾದ. ಕೊನೆಯ ತಿರುವಿನಲ್ಲಿ ಹಳದಿಯವನು ಒಳಗಿನಿಂದ ನುಗ್ಗಿದ, ಇನ್ನಿಬ್ಬರು ಅವನ ಹಿಂದೆಯೇ ಹೋದರು. ದರಗಿನ ರಾಶಿಯಿಂದ ಎದ್ದು, ತಲೆಯ ಎಲೆ ಕೊಡವಿಕೊಂಡು ಬಂದು, ಕೆಂಪು ಚೀಲವನ್ನು ಟಪ್ಪಾಲಿನವನೇ ಎತ್ತಿ ರಾಶಿಗೆ ಸುರಿದ. ನಾನು ಸೇರು ತುಂಬಿ ಜೀಪಿನ ಚೀಲಕ್ಕೆ ಹಾಕಿದೆ. ಕಪ್ಪು ಚೆರಿಯ ನಡುವೆ ಆ ಕಂದು ಕಲೆಯ ಬೀಜಗಳು ಎದ್ದು ಕಾಣುತ್ತಿದ್ದವು. ಅವನ್ನು ಆರಿಸಲು ಯಾರೂ ಕೂರಲಿಲ್ಲ.